ಲೇಟ್

ಮಂಡ್ಯದ ತಾಲ್ಲೂಕು ಕಚೇರಿ ಕಾಂಪೌಂಡಿಗೆ ಬೆನ್ನು ಕೊಟ್ಟು
ಹೊಂಗೆಯ ನೆರಳಿಗೆ ಬಾಡಿಗೆ ಕೊಡದೆ
ಇಪ್ಪತ್ತಾರು ವರ್ಷದಿಂದ ಅರ್ಜಿ ಹೊಡೆಯುತ್ತಿದ್ದೇನೆ.
ಕುಂಟುವ ಮೇಜಿನ ಒಂದು ಕಾಲಿಗೆ
ಗುಜರಿಯಲ್ಲಿ ಸಿಕ್ಕ ದಪ್ಪ ಇಂಗ್ಲಿಷ್ ನಿಘಂಟು.
ರಟ್ಟಿಲ್ಲ, ಕೊನೆಯ ಅಕ್ಷರಗಳೂ ಇಲ್ಲ.
ಎಲ್ ಇದೆ.

ನಿನ್ನೆ ಕೀಲಾರದ ಕಡೆಯಿಂದ ದ್ಯಾವಮ್ಮ ಬಂದಳು,
ಗಂಡ ಸತ್ತು ಹತ್ತು ತಿಂಗಳು, ಮರಣಪತ್ರ ಬೇಕು.
ಲೇಟ್ ಸಿದ್ದಬೋರಯ್ಯ, ಎಂದು ಶುರುಮಾಡಿ
ವಾಡಿಕೆಯಂತೆ ಓದಿ ಹೇಳಿದೆ.

"ತಗೀರಿ ಸಾ ಅದ್ನ.
ನಲವತ್ತೊರ್ಸ ನೀರ್ಗಂಟಿಯಾಗಿದ್ದೋನು.
ರಾತ್ರಿ ಎರಡಕ್ಕೆ ಪಾಳಿ ಅಂದ್ರೆ ಒಂದೂಮುಕ್ಕಾಲ್ಗೇ
ಲಾಟೀನ್ ಹಿಡ್ಕಂಡು ತೂಬಿನ ಮೇಲಿರ್ತಿದ್ದ.
ಒಂದಿನ ಲೇಟಾಗಿದ್ದ ಅಂತ
ಯಾರಾರ ಯೋಳ್ಲಿ ನೋಡವ."

ಮೇಜಿನ ಕಾಲೆತ್ತಿ ನಿಘಂಟು ಎಳೆದೆ.

ಹುಟ್ಟಿದಾಗ ಆ ಪದಕ್ಕೆ
ಹೊತ್ತು ಮೀರಿದ್ದೂ ಗೊತ್ತಿರಲಿಲ್ಲ, ಸತ್ತದ್ದೂ ಗೊತ್ತಿರಲಿಲ್ಲ.
ಬರೀ ನಿಧಾನ, ಮಂದ, ಸೋಮಾರಿ.
ಯಾವುದೋ ಚಳಿಯ ಊರಲ್ಲಿ
ಮೈಭಾರದ ಎತ್ತಿಗೆ ಹಾಗೆ ಅಂದಿರಬೇಕು.
ಎಷ್ಟೋ ಕಾಲದ ಮೇಲೆ ಅದರ ಕೈಗೆ ಗಡಿಯಾರ ಸಿಕ್ಕಿತು,
ಆಮೇಲೆ ಹೆಣ.
ಲಾಸ್ಟ್ ಅನ್ನುವುದೂ ಇದರ ಹೊಟ್ಟೆಯದೇ:
ಎಲ್ಲರಿಗಿಂತ ಮೆಲ್ಲಗೆ ಬಂದವನು ಕಟ್ಟಕಡೆಯವನು.

ಇನ್ನೂ ಕೆಳಗೆ, ಗೆದ್ದಲು ಅರ್ಧ ತಿಂದ ಸಾಲಿನಲ್ಲಿ ಬೇರು.
ಸಡಿಲಿಸು. ಬಿಡು.

ನೀರು ಬಿಡು, ಉಸಿರು ಬಿಡು,
ಕೈ ಬಿಡು,
ಹೋಗಲಿ ಬಿಡು.

"ಈ ಮಾತಿನ ಬುಡದಲ್ಲಿ
ತೂಬೆತ್ತಿ ನೀರು ಬಿಡೋದು ಅಂತ ಇದೆ ಕಣವ್ವ," ಎಂದೆ.
ತೂಬು ನಾನು ಸೇರಿಸಿದ್ದು.
ಅವಳು ನಂಬಲಿಲ್ಲ.
ಇಂಗ್ಲಿಷಿನಲ್ಲಿ ನಾಲೆ ಇರುವುದನ್ನು ಅವಳು ನೋಡಿಲ್ಲ.

ಸರಿ, ಕನ್ನಡದಲ್ಲೇ ಇರಲಿ ಎಂದು ಬೇರೆ ಹಾಳೆ ಸುತ್ತಿದೆ.
ನಿಧನ ಎಂದು ಒತ್ತಬೇಕಾದಲ್ಲಿ
ಬೆರಳು ಜಾರಿ ದೀರ್ಘ ಬಿತ್ತು.
ಸಿದ್ದಬೋರಯ್ಯನವರು ಮಾಘಮಾಸದಲ್ಲಿ, ಸ್ವಗೃಹದಲ್ಲಿ,
ನಿಧಾನರಾದರು.
ಬಿಳಿಶಾಯಿ ಹಚ್ಚುವ ಮೊದಲು ಸುಮ್ಮನೆ ನೋಡುತ್ತ ಕೂತೆ.
ಒಂದು ದೀರ್ಘ, ಅಷ್ಟೇ ದೂರ.
ನಿಧಾನ ಅಂದರೆ ಮೊದಲು ಹೂತಿಟ್ಟ ಗಂಟು ಅಂತ
ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು ಹೇಳಿದ್ದರು,
ನಿಧಿ, ನಿಧಾನ, ಎರಡೂ ಒಂದೇ ಮನೆಯವು.
ನಾವು ಅದನ್ನು ಹೆದ್ದಾರಿಯ ತಿರುವಿಗೆ ತಗುಲಿಸಿ
ಪ್ರಧಾನ ಎಂದು ಪ್ರಾಸ ಹಾಕಿದೆವು.

ಒಳಗಿಂದ ಅರ್ಜಿ ತಿರುಗಿ ಬಂತು.
ಇಪ್ಪತ್ತೊಂದು ದಿನ ದಾಟಿದೆ, ಲೇಟ್ ಫೀ ಕಟ್ಟಬೇಕು.

"ನೋಡುದ್ರಾ? ಲೇಟಾದೋಳು ನಾನು, ಅವನಲ್ಲ."

ಹತ್ತು ತಿಂಗಳು ಎಲ್ಲಿದ್ದೆ ಎಂದು ನಾನು ಕೇಳಲಿಲ್ಲ.
ಬಸ್ಸಿಗೆ ಅರ್ಧ ಗಂಟೆಯ ದಾರಿ.
ಸೆರಗಿನ ತುದಿಯ ಗಂಟಿಗೆ ಉಗುರು ಹಾಕುತ್ತ
ನನಗಲ್ಲ, ಹೊಂಗೆಮರಕ್ಕೆ ಎಂಬಂತೆ ಹೇಳಿದಳು:
"ಬರ್ಕೊಟ್ಬುಟ್ರೆ ಮುಗ್ದೋಯ್ತದಲ್ಲ ಸಾ."

ಗಂಟು ಬಲವಾಗಿತ್ತು.
ಹಿಂದೆ ಮೂರು ಜನ ಕಾಯುತ್ತಿದ್ದರು,
ಒಬ್ಬ ಗಡಿಯಾರ ನೋಡಿಕೊಂಡ.
ನಾನು ನಿಘಂಟನ್ನು ಮತ್ತೆ ಮೇಜಿನ ಕಾಲಿಗೆ ಕೊಟ್ಟೆ,
ಮಡಿಚಿದ ಪುಟದ ದಪ್ಪಕ್ಕೆ
ಈಗ ಆ ಕಡೆ ಕುಂಟುತ್ತಿದೆ.