ಎರಡು ಮೂರಕ್ಕೆ, ಮೂರು ಎರಡಕ್ಕೆ

ಸಿಡಿಲು ಬಡಿದದ್ದು ಸಂಜೆ ಏಳಕ್ಕೆ.
ಏಳೂ ಹತ್ತಕ್ಕೆ ಹಾಸನದ ರೇಡಿಯೋಗಳಲ್ಲಿ
ನಮ್ಮ ಸಣ್ಣ ಸ್ಟೇಷನ್ನಿದ್ದ ಜಾಗದಲ್ಲಿ
ಬರೀ ಸೋ ಎನ್ನುವ ಸದ್ದು.
ಹೊಸ ಟ್ರಾನ್ಸ್‌ಮಿಟರ್ ಸುಟ್ಟು ನಾರುತ್ತಿತ್ತು.
ಮೂಲೆಯಲ್ಲಿ ಹಳೇ ಪಂಚೆ ಹೊದ್ದು ಕೂತಿದ್ದ
ಅದರ ಅಣ್ಣನನ್ನು ಎಬ್ಬಿಸಬೇಕಾಯಿತು.

ಅದಕ್ಕೆ ಗುಂಡಿಯಿಲ್ಲ, ಪರದೆಯಿಲ್ಲ.
ಬೆನ್ನಲ್ಲೊಂದು ಬಾಯಿ, ಒಂಬತ್ತು ಹಲ್ಲು,
ಮೇಲೆ ಐದು, ಕೆಳಗೆ ನಾಲ್ಕು.
ಏನು ಹೇಳುವುದಿದ್ದರೂ ಅಲ್ಲಿಯೇ,
ಒಂದೊಂದೇ ಅಕ್ಷರ, ಸಾಲಾಗಿ,
ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತ ಹಾಗೆ.

ನನ್ನ ಲ್ಯಾಪ್‌ಟಾಪಿಗೆ ಅಂಥ ಬಾಯಿಲ್ಲ.
ಬಸ್ ಸ್ಟ್ಯಾಂಡ್ ಹಿಂದೆ ಇಮ್ತಿಯಾಜ್
ಅರ್ಧ ಇಳಿಸಿದ ಷಟರ್ ಕೆಳಗಿಂದಲೇ ಕೈ ಚಾಚಿ
ಕನ್ವರ್ಟರ್ ಕೊಟ್ಟ. ದುಡ್ಡು ನಾಳೆ ಅಂದ.

ಡ್ರಾಯರಿನಲ್ಲಿ ಮೂರು ಕೇಬಲ್, ಮೂರೂ ಒಂದೇ ಥರ.
ಒಂದರ ಮೇಲೆ ಮಾತ್ರ ಬ್ಯಾಂಡೇಜಿನ ಅಂಟುಪಟ್ಟಿ,
ಧರಣೇಂದ್ರಯ್ಯ ಸರ್ ಅಕ್ಷರ:
ಎರಡು ಮೂರಕ್ಕೆ, ಮೂರು ಎರಡಕ್ಕೆ, ಐದು ಐದಕ್ಕೇ.

ಸೇರಿದ ವಾರ ಅವರೇ ಹೇಳಿದ್ದು:
‘ಇಬ್ಬರೂ ಒಂದೇ ತಂತೀಲಿ ಮಾತಾಡಿದ್ರೆ
ಕೇಳೋರು ಯಾರಮ್ಮ?
ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಬರಬೇಕು.
ಐದನೇದು ನೆಲ.
ಸೊನ್ನೆ ಅಂದ್ರೆ ಎಲ್ಲಿ ಅಂತ ಮೊದಲು ಇಬ್ಬರೂ ಒಪ್ಪಬೇಕು.
ಮಾತು ಆಮೇಲೆ.’

ಜೋಡಿಸಿದೆ. ಪರದೆ ತುಂಬ
ಚೌಕ, ಪ್ರಶ್ನೆ, ನೆತ್ತಿ ಮೇಲೆ ಎರಡು ಚುಕ್ಕಿ ಹೊತ್ತ ವೈ,
ಜ್ವರದಲ್ಲಿ ಕನವರಿಸುವವರ ಹಾಗೆ.
ಅದು ಮಾತಾಡುತ್ತಿದೆ,
ನಾನು ಕೇಳುವ ವೇಗ ತಪ್ಪು.
ಒಂಬತ್ತು ಸಾವಿರದ ಆರುನೂರು, ಅಲ್ಲ.
ನಾಲ್ಕು ಸಾವಿರದ ಎಂಟುನೂರು, ಅದೂ ಅಲ್ಲ.

ಮೂರೂ ಹತ್ತಕ್ಕೆ ನಾಚಿಕೆ ಬಿಟ್ಟು ಫೋನ್ ಮಾಡಿದೆ.
ಸರ್‌ಗೆ ಕಿವಿ ಹೋಗಿ ನಾಲ್ಕು ವರ್ಷ,
ಎತ್ತಿದ್ದು ಪದ್ಮಾವತಮ್ಮ.
‘ಅಮ್ಮ, ಹಳೇ ಮಿಷನ್ನಿನ ಬಾಡ್ ರೇಟ್ ಎಷ್ಟು ಅಂತ ಸರ್‌ನ ಕೇಳಿ.’

ಆ ಕಡೆ ಸದ್ದಿಲ್ಲ.
‘ಬಾಡಿನ ರೇಟಾ?
ಜೈನರ ಮನೆಗೆ ಫೋನ್ ಮಾಡಿ?
ಈ ಹೊತ್ನಲ್ಲಿ?’

ಆದರೂ ಕೇಳಿದರು. ಗಂಡನ ಎಡಗಿವಿಗೆ ಕೂಗಿದ್ದು
ನನಗೂ ಕೇಳಿತು, ಅವರ ಬೀದಿಯ ನಾಯಿಗೂ.
ದೂರದಲ್ಲೊಂದು ನಗೆ. ನಗೆಯ ಹಿಂದೆ ಕೆಮ್ಮು.

‘ಎರಡು ಸಾವಿರದ ನಾನೂರಂತೆ ಕಣಮ್ಮ.
ಕೇಜಿಗೋ ಏನೋ ಹೇಳಲಿಲ್ಲ.
ಆಮೇಲೆ ಎಂಟು, ಇಲ್ಲ, ಒಂದು ಅಂತೆ.
ಏನು ಇಲ್ಲ ಅಂದ್ರೆ, ಅವಳಿಗೆ ಗೊತ್ತು ಅಂತಾರೆ.’

ಗೊತ್ತಿತ್ತು.
ಎಂಟು ಅಂಕಿ ಕೂಡಿ ಒಂದಕ್ಷರ,
ಸರಿತಪ್ಪು ನೋಡುವ ಕಾವಲು ಇಲ್ಲ,
ಪ್ರತಿ ಅಕ್ಷರ ಮುಗಿದ ಮೇಲೆ ಒಂದು ಬಿಡುವು.

ಒತ್ತಿದೆ.
ಕನವರಿಕೆ ನಿಂತು, ಖಾಲಿ ಪರದೆಯ ಎಡಮೂಲೆಯಲ್ಲಿ
ಒಂದು ಗೆರೆ ರೆಪ್ಪೆ ಬಡಿಯತೊಡಗಿತು.
ಹೇಳು, ಅಂದ ಹಾಗೆ.

ಐದೂ ಐವತ್ತೈದಕ್ಕೆ ಮುಬೀನಾ ಒದ್ದೆ ತಲೆಯಲ್ಲೇ ಬಂದು
ಮೈಕಿಗೆ ಶುಭೋದಯ ಅಂದಳು.
ಗೇಟಿನ ಚೆಲುವಯ್ಯನ ರೇಡಿಯೋ
ಅದನ್ನೇ ತಿರುಗಿ ನಮಗೆ ಹೇಳಿತು.

ಆರೂ ಹತ್ತಕ್ಕೆ ಫೋನು:
‘ಬಂತು ಕಣಮ್ಮ, ಚೆನ್ನಾಗಿ ಕೇಳ್ತಿದೆ ನಂಗೆ.
ಬಾಡು ಬೆಂತಾ ಕೇಳು ಅಂತಿದಾರೆ ಇವರು.’

ಕೇಬಲ್ ಸುತ್ತಿಡುವ ಮುಂಚೆ
ಅಂಟುಪಟ್ಟಿಯಲ್ಲಿ ಅವರ ಸಾಲಿನ ಕೆಳಗೆ
ಎರಡು ಸಾವಿರದ ನಾನೂರು ಅಂತ ಬರೆಯಹೋದೆ.
ಪೆನ್ನು ಜಾರಿತು.
ಊದಿ, ಒರೆಸಿ, ಇನ್ನೊಮ್ಮೆ ಬರೆದೆ.