ಚೀಲದ ತೂಕ

ಬದಲಾಗಿದ್ದು ಒಂದೇ ಸಾಲು.
ಗೋಣಿಚೀಲಕ್ಕೆಂದು ಕಳೆಯುವ ಆರುನೂರು ಗ್ರಾಂ
ಬೆಳಗಾಗುವಷ್ಟರಲ್ಲಿ ಒಂದು ಕಿಲೋ.
ಕಾರಣ: "ಸಣ್ಣ ತಿದ್ದುಪಡಿ."
ಮಾಡಿದವರು: "ಆಫೀಸು."
ಆಫೀಸಿನಲ್ಲಿ ನಾವು ಐವರು, ಪಾಸ್‌ವರ್ಡು ಒಂದು,
ಕೆಳಗೆ ಮಂಡಕ್ಕಿ ಅಂಗಡಿ, ಮೇಲೆ ತಗಡು.

ಹನ್ನೊಂದು ದಿನ ಯಾರೂ ನೋಡಲಿಲ್ಲ.
ಹನ್ನೊಂದು ದಿನ ಯಾರ್ಡಿನಲ್ಲಿ ಮೆಕ್ಕೆಜೋಳ
ಚೀಲಕ್ಕೆ ನಾನೂರು ಗ್ರಾಂ ಸೋರಿತು,
ಒಂದು ಕಾಳೂ ನೆಲಕ್ಕೆ ಬೀಳದೆ.
ಹಿಡಿದದ್ದು ನಾನಲ್ಲ, ಹಮಾಲಿ ದಾದಾಪೀರ್:
"ಖಾಲಿ ಚೀಲ ಎಷ್ಟು ತೂಗತೈತಿ ಅಂತ
ನನ್ ಬೆನ್ನಿಗೆ ಗೊತ್ತಕ್ಕಾ."

ಯಾರು ಅಂತ ಕೇಳಲಿಲ್ಲ ನಾನು. ಕೇಳಬೇಕಿತ್ತೇನೋ.
ಬದಲಿಗೆ ಹನ್ನೆರಡು ಸಾಲಿನ ಸ್ಕ್ರಿಪ್ಟು ಬರೆದೆ.
ಇನ್ನು ಮೇಲೆ ಅವರವರಿಗೆ ಅವರವರ ಹೆಸರು;
ತೂಕದ ಫೈಲು ಮುಟ್ಟಿದರೆ ಎರಡು ಹೆಸರು;
ಇಲ್ಲವೇ, ಬಂದ ದಾರಿಗೆ ಸುಂಕವಿಲ್ಲ.

ಮೊದಲು ಅದನ್ನು ಎಲ್ಲರ ಕಂಪ್ಯೂಟರಿನಲ್ಲಿ ಕೂರಿಸಿದೆ.
ಕೊಟ್ರೇಶಿ ನಕ್ಕ. ಕಮಾಂಡಿನ ಬಾಲಕ್ಕೆ ಒಂದು ಪದ ಕಟ್ಟಿದರೆ
ಕಾವಲು ಕಣ್ಣು ಮುಚ್ಚಿಕೊಳ್ಳುತ್ತದಂತೆ.
ಅಶೋಕ ಟಾಕೀಸಿನ ರೈಲ್ವೆ ಗೇಟು ಬಿದ್ದಾಗ
ಅಪ್ಪ ನನ್ನನ್ನು ಇಳಿಸಿ, ಸೈಕಲ್ ಓರೆ ಮಾಡಿ
ಕಂಬದಡಿ ನುಸುಳುತ್ತಿದ್ದ ಹಾಗೆ,
ಹರಿಹರದ ಕಡೆಯಿಂದ ಗಾಡಿ ಕೂಗುತ್ತಿದ್ದರೂ.

ಗೇಟು ಕಿತ್ತು ಸರ್ವರಿನ ಹೊಸ್ತಿಲಿಗೇ ಹಾಕಿದೆ.
ಅಲ್ಲಿ ಸೊನ್ನೆ ಅಂದರೆ ಒಳಗೆ ಬಾ,
ಒಂದು ಅಂದರೆ ಬೇಡ.
ಕಾಳು ಅಳೆಯುವವರ ಬಾಯಲ್ಲಿ ಒಂದು ಅನ್ನುವುದೇ ಇಲ್ಲ;
ಲಾಭ ಅಂತ ಶುರುಮಾಡಿ ಎರಡಕ್ಕೆ ಹೋಗುತ್ತಾರೆ.

ಪರೀಕ್ಷೆಗೆ ಒಬ್ಬ ಕಳ್ಳ ಬೇಕಿತ್ತು.
ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ.
ಆರುನೂರು ಅಳಿಸಿ ಸಾವಿರ ಅಂತ ಒತ್ತಿದೆ.
ಎಷ್ಟು ಸಲೀಸು. ಬೆರಳು ತಡವರಿಸಲೂ ಇಲ್ಲ.
ಒಂದು, ಅಂದಿತು ಸರ್ವರು.
ನಾನೇ ನಿಲ್ಲಿಸಿದ ಬಾಗಿಲು ನನ್ನನ್ನೇ ನಂಬಲಿಲ್ಲವೆಂದು
ಒಬ್ಬಳೇ ಕೂತು ನಕ್ಕೆ. ಪೊಟ್ಟಣದಲ್ಲಿ ಮಿರ್ಚಿ ಆರಿತ್ತು.

ತಡೆಯುವುದಕ್ಕೆ ಹನ್ನೆರಡು ಸಾಲು.
ತಡೆದ ಮೇಲೆ ಅವರಿಗೆ ಹೇಳುವ ಒಂದು ಸಾಲಿಗೆ
ರಾತ್ರಿ ಎರಡಾಯಿತು.
"ಅನುಮತಿ ಇಲ್ಲ": ತಾಲ್ಲೂಕು ಕಚೇರಿ ಜವಾನನ ದನಿ.
"ತಪ್ಪು": ತಪ್ಪೆಂದು ಸ್ಕ್ರಿಪ್ಟಿಗೇನು ಗೊತ್ತು?
ಕಡೆಗೆ ಬರೆದೆ: "ಇನ್ನೊಬ್ಬರನ್ನು ಕರಕೊಂಡು ಬನ್ನಿ."

ಗುರುವಾರ ಸಿಕ್ಕಿಬಿದ್ದವನು ಕೊಟ್ರೇಶಿ.
ಹೊಸ ಸಾಲು ಸೇರಿಸಿದ್ದ: ಪ್ಲಾಸ್ಟಿಕ್ ಚೀಲ, ನೂರಮೂವತ್ತು.
"ಅರ್ಧ ಮಾಲು ಅದ್ರಾಗೇ ಬರ್ತೈತಿ. ಅದಕ್ಕೂ
ಆರುನೂರೇ ಕಳೀತಿದೀವಿ, ಎರಡು ವರ್ಷದಿಂದ."

ಎರಡು ವರ್ಷ. ಆ ಆರುನೂರಕ್ಕೇ
ನಾನು ಕಾವಲು ನಿಲ್ಲಿಸಿದ್ದು.

ಪರದೆ ಹೇಳಿದ್ದನ್ನು ಅವನು ಅಕ್ಷರಶಃ ಪಾಲಿಸಿದ್ದ:
ಹಿಂದೆ ಮೆಟ್ಟಿಲ ಮೇಲೆ ದಾದಾಪೀರ್ ಏದುಸಿರು ಬಿಡುತ್ತ,
ಹೆಗಲ ಮೇಲೆ ಖಾಲಿ ಚೀಲ ಎರಡು, ಎರಡು ಜಾತಿಯವು.

ಎರಡನೇ ಹೆಸರಿನ ಜಾಗದಲ್ಲಿ ಬೆರಳು ನಿಂತಿತು.
ಪಟ್ಟಿಯಲ್ಲಿ ಐದೇ ಹೆಸರು.
ಇವತ್ತು ಪಟ್ಟಿ ತಿದ್ದಬೇಕು.
ಅದಕ್ಕೂ ಇಬ್ಬರು ಬೇಕು.