ಔಟಾಗದೆ ಹದಿನಾಲ್ಕು

ಶುಕ್ರವಾರ ರಾತ್ರಿ ಒಂಬತ್ತೂವರೆಗೆ
ರೂವಿಯ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ
ಝೆರಾಕ್ಸ್ ಅಂಗಡಿಯ ಫ್ಯಾಕ್ಸಿಗೆ ಕಾಗದ ಉಣಿಸುತ್ತಿದ್ದೆ.
ಹಾಳೆಗೆ ಇನ್ನೂರು ಬೈಸಾ.
ಅದು ಕುಯ್ಯೆಂದು ಅತ್ತು ನುಂಗಿದ ಮೇಲೆ
ಪತ್ರಿಕೆಗೆ ಫೋನು: ಮುಟ್ಟಿತಾ ಸಾರ್?
ಆ ಕಡೆ ಸಿಂಹಳದ ಸಬ್ ಎಡಿಟರ್ ವಿಕ್ರಮಪಾಲ.
“ಮುಟ್ಟಿತು. ಮಸಿಯಾಗಿ ಮುಟ್ಟಿತು. ನೀನೇ ಓದು.”

ಓದುತ್ತಿದ್ದೆ.
ವಾದಿ ಎಂದರೆ ಇಲ್ಲಿ ದಾವೆ ಹೂಡಿದವನಲ್ಲ,
ನೀರು ಮರೆತ ಹೊಳೆ.
ಅದರ ಕಲ್ಲುನೆಲದ ಮೇಲೆ ನಾರಿನ ಮ್ಯಾಟು ಹಾಸಿ
ನಾಲ್ಕು ಮೂಲೆಗೂ ಕಬ್ಬಿಣದ ಸರಳು ಹೊಡೆದು ಆಡಿದ ಆಟ.
ಉಚ್ಚಿಲ ಇಲೆವೆನ್, ನೂರ ಆರು.
ಸಿಯಾಲ್‌ಕೋಟ್ ಟೈಲರ್ಸ್, ಆರು ವಿಕೆಟ್ಟಿಗೆ ನೂರ ಏಳು.
ನಾವು ಸೋತದ್ದೇ ಹೆಚ್ಚು. ಅದನ್ನೂ ಬಿಡಿಸಿ ಬಿಡಿಸಿ ಓದುತ್ತಿದ್ದೆ.

ನಾನು ಬ್ಯಾಟು ಹಿಡಿದವನಲ್ಲ;
ಎಡಗಾಲು ಮೂರರ ಪ್ರಾಯದಲ್ಲೇ ರಿಟೈರ್ಡ್ ಹರ್ಟ್.
ಪಿಕಪ್ಪಿನ ನೆರಳು ಸರಿದತ್ತ ಸ್ಟೂಲು ಎಳೆದುಕೊಳ್ಳುತ್ತ
ಚುಕ್ಕಿಗೆ ಚುಕ್ಕಿ, ನಾಲ್ಕಕ್ಕೆ ನಾಲ್ಕು.
ಬೆವರು ಬಿದ್ದು ಶಾಯಿ ಹಬ್ಬಿ
ಒಂದು ರನ್ನು ಏಳಾದದ್ದುಂಟು.
ಎರಡೂ ಕಡೆಯ ಕ್ಯಾಪ್ಟನ್ನರ ಸಹಿ ಹಾಕಿಸಿ
ಏಳನ್ನು ಮತ್ತೆ ಒಂದು ಮಾಡಿದವ ನಾನು.

ಹದಿನೆಂಟನೇ ಪುಟ, ಕೆಳಗೆ ಎಡಮೂಲೆ,
ಟಯರಿನ ಜಾಹೀರಾತಿಗೂ ಉಬ್ಬರವಿಳಿತದ ಪಟ್ಟಿಗೂ ನಡುವೆ
ಬೆಂಕಿಪೊಟ್ಟಣದಷ್ಟು ಜಾಗ.
ಅಲ್ಲಿ ವೆಲ್ಡರ್ ಕಮರುದ್ದೀನ ಬರೀ ಕಮರ್ ಆದ,
ದೂಮಪ್ಪ ಡೂಮಾ ಪಿ. ಆದ.
ಗಿಲ್ಬರ್ಟ್ ಮಾತ್ರ ಗಿಲ್ಬರ್ಟನಾಗಿಯೇ ಉಳಿದು ಜಂಬ ಮಾಡಿದ.
ಶನಿವಾರ ಮುಂಜಾನೆ ಐದಕ್ಕೆ, ಕ್ಯಾಂಪಿನ ಬಸ್ಸಿನಲ್ಲಿ,
ಒಂದೇ ಒಂದು ಪತ್ರಿಕೆ
ಮಡಿಕೆ ಬಿಚ್ಚದೆ, ಆ ಮೂಲೆಯೊಂದೇ ಮೇಲಾಗಿ
ಸೀಟಿನಿಂದ ಸೀಟಿಗೆ ಹೋಗುತ್ತಿತ್ತು.
ಇಂಗ್ಲಿಷು ಬಾರದವನಿಗೂ
ತನ್ನ ಹೆಸರಿನ ಆಕಾರ ಗೊತ್ತು.

ದೂಮಪ್ಪ ಸ್ಕ್ಯಾಫೋಲ್ಡಿಂಗಿನವ. ಏಳನೆಯವನಾಗಿ ಇಳಿಯುತ್ತಿದ್ದ.
ಚೆಂಡನ್ನು ಹೊಡೆಯುತ್ತಿರಲಿಲ್ಲ, ಕೊಡವುತ್ತಿದ್ದ,
ಅಂಗಿ ಮೇಲಿನ ಇರುವೆಯ ಹಾಗೆ.
ಮೂರು ವರ್ಷದಲ್ಲಿ ಅತಿ ಹೆಚ್ಚು ಹದಿಮೂರು.
ಹದಿನಾಲ್ಕಾದ ದಿನ ಎಲ್ಲರಿಗೂ ಫಲೂದ ಅಂದಿದ್ದ.

ಮಾರ್ಚಿನ ಒಂದು ಗುರುವಾರ
ಕಂಪನಿ ಮೂವತ್ತೊಂದು ಪಾಸ್‌ಪೋರ್ಟು ವಾಪಸು ಕೊಟ್ಟಿತು,
ಜೊತೆಗೆ ಅದೇ ರಾತ್ರಿಯ ಟಿಕೆಟ್ಟು.
ಮರುದಿನದ ಆಟಕ್ಕೆ ನಾವು ಹತ್ತು ಜನ.
ಏಳನೆಯ ಸಾಲಿನಲ್ಲಿ ಗೈರು ಎಂದು ಬರೆಯಬೇಕು. ಬರೆದೆ.
ಫೋನಿನಲ್ಲಿ ಅಲ್ಲಿಗೆ ಬಂದಾಗ
ಗಂಟಲು ಬೇರೆಯದನ್ನೇ ಓದಿತು:
ದೂಮಪ್ಪ, ಔಟಾಗದೆ ಹದಿನಾಲ್ಕು.

ಆ ಕಡೆ ಕೀಲಿಗಳ ಸದ್ದು ನಿಂತಿತು.
ವಿಕ್ರಮಪಾಲ ಕೂಡಿ ನೋಡುವ ಮನುಷ್ಯ.
“ಒಟ್ಟಿಗಿಂತ ಹದಿನಾಲ್ಕು ಹೆಚ್ಚು ಬರುತ್ತದೆ.”
ನಾನು ಸುಮ್ಮನಿದ್ದೆ.
ಅಂಗಡಿಯವ ಶಟರು ಅರ್ಧ ಎಳೆದ.
“ವೈಡು ಎಷ್ಟು ಕೊಟ್ಟರು?”
“ಹದಿನಾರು.”
“ಎರಡು ಮಾಡೋಣ. ಚಿತ್ತಗಾಂಗಿನ ಬೌಲರಿಗೂ ಮಾನ ಇರಲಿ.”

ಈಗ ಆ ಮೂಲೆಯಲ್ಲಿ ಯುರೋಪಿನ ಫುಟ್‌ಬಾಲು.
ವಿಕ್ರಮಪಾಲ ಊರಿಗೆ ಹೋದ, ಮಾತರಕ್ಕೋ ಗಾಲೆಗೋ, ಕೇಳಲಿಲ್ಲ.
ಝೆರಾಕ್ಸ್ ಅಂಗಡಿಯಲ್ಲಿ ಮೊಬೈಲಿನ ಕವರು ತೂಗುತ್ತವೆ.
ಉಬ್ಬರವಿಳಿತದ ಪಟ್ಟಿ ಮಾತ್ರ ಇದೆ;
ಸಮುದ್ರ ಇನ್ನೂ ಕ್ಲಬ್ಬು ಬಿಟ್ಟಿಲ್ಲ.
ನಾನು ಬರೆಯುತ್ತೇನೆ, ಪುಸ್ತಕದಲ್ಲೇ ಇಡುತ್ತೇನೆ.

ಆ ತುಂಡು ಕಾಗದ ಗಿಲ್ಬರ್ಟನ ಪೆಟ್ಟಿಗೆಯಲ್ಲಿ ಊರಿಗೆ ಹೋಗಿತ್ತು.
ಮೇ ತಿಂಗಳಲ್ಲೊಮ್ಮೆ ಫೋನು ಬಂತು,
ಹಿಂದೆ ಗಾರೆ ಕಲಸುವ ಮೆಷಿನಿನ ಗರಗರ.
ಹೇಗಿದ್ದಿ ಎನ್ನಲಿಲ್ಲ, ಕೆಲಸ ಸಿಕ್ಕಿತು ಎನ್ನಲಿಲ್ಲ.
“ಮಾರಾಯ, ಆ ಹದಿನಾಲ್ಕನೆಯದು,
ಯಾವ ಕಡೆಗೆ ಹೊಡೆದೆ ನಾನು?”

ಹೊಡೆಯಲಿಲ್ಲ, ಅಂದೆ. ಕೊಡವಿದೆ.